ಪ್ಯಾಟಿ ಪೇಜ್ ಹಾಡುಗಳಲ್ಲಿ ಜತೆಗೆ ಹಾಡುತ್ತಿರುವ ಹೆಂಗಸರು ಯಾರು?

ಬೇರೆ ಯಾರೂ ಇಲ್ಲ, ಎಲ್ಲವೂ ಅಮೆರಿಕದ ಗಾಯಕಿ ಪ್ಯಾಟಿ ಪೇಜ್ ಅವರದೇ ದನಿ. ಅವರ ‘ಟೆನೆಸ್ಸೀ ವಾಲ್ಟ್ಜ್’ ಹಾಡು ಆಲಿಸಿದ ನೀವು, ಇದು ಅಕ್ಕತಂಗಿಯರ ತಂಡವೇ ಎಂದು ಕೇಳಿದ್ದೀರಿ. ಹಾಗನ್ನಿಸುವುದು ಸಹಜ. ಒಂದೇ ಗಂಟಲಿನ ದನಿಗಳು ಬೆರೆತಾಗ ಬರುವ ಹೊಂದಿಕೆ ಒಡಹುಟ್ಟಿದವರು ಹಾಡಿದಂತೆಯೇ ಕೇಳಿಸುತ್ತದೆ.

ಪ್ಯಾಟಿ ಪೇಜ್ ಎಂಬುದು ಹುಟ್ಟುಹೆಸರಲ್ಲ. ಕ್ಲಾರಾ ಆನ್ ಫೌಲರ್, 1927ರಲ್ಲಿ ಓಕ್ಲಹೋಮದ ಕ್ಲೇರ್‌ಮೋರ್‌ನಲ್ಲಿ ಹುಟ್ಟಿದವರು. ಅದೇ ರಾಜ್ಯದ ಟಲ್ಸಾ ನಗರದ ರೇಡಿಯೊದಲ್ಲಿ ಪೇಜ್ ಮಿಲ್ಕ್ ಎಂಬ ಹಾಲಿನ ಕಂಪನಿ ಪ್ರಾಯೋಜಿಸುತ್ತಿದ್ದ ಕಾರ್ಯಕ್ರಮಕ್ಕೆ ಹಾಡುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತು. ರೇಡಿಯೊದಲ್ಲಿ ಅವರನ್ನು ಕೇಳಿದ ಸ್ಯಾಕ್ಸಫೋನ್ ವಾದಕ ಜ್ಯಾಕ್ ರಾಯೆಲ್ ಮ್ಯಾನೇಜರ್ ಆದರು, ಮರ್ಕ್ಯುರಿ ಎಂಬ ರೆಕಾರ್ಡ್ ಕಂಪನಿ ಅವರ ಹಾಡುಗಳನ್ನು ಮುದ್ರಿಸಿತು.

1947ರ ‘ಕನ್ಫೆಸ್’ ಹಾಡಿನಲ್ಲಿ ಮುಖ್ಯ ದನಿಗೆ ಉತ್ತರ ಕೊಡುವ ಇನ್ನೊಂದು ದನಿ ಬೇಕಿತ್ತು. ಇನ್ನೊಬ್ಬ ಗಾಯಕಿಯನ್ನು ಕರೆಸಲು ದುಡ್ಡಿರಲಿಲ್ಲ, ಎರಡನ್ನೂ ಅವರೇ ಹಾಡಿದರು. 1950ರ ‘ವಿತ್ ಮೈ ಐಸ್ ವೈಡ್ ಓಪನ್, ಐಮ್ ಡ್ರೀಮಿಂಗ್’ನಲ್ಲಿ ನಾಲ್ಕೂ ದನಿ ಅವರವೇ, ಗ್ರಾಮಫೋನ್ ತಟ್ಟೆಯ ಮೇಲಿನ ಹೆಸರು ‘ಪ್ಯಾಟಿ ಪೇಜ್ ಕ್ವಾರ್ಟೆಟ್’, ಅಂದರೆ ನಾಲ್ವರ ತಂಡ.

ಇದು ಎಷ್ಟು ಕಷ್ಟದ ಕೆಲಸ ಎಂಬುದನ್ನು ಇಂದು ನಾವು ಮರೆತಿದ್ದೇವೆ. ಪ್ರತಿ ದನಿಗೂ ಬೇರೆ ಟ್ರ್ಯಾಕ್ ಇಟ್ಟು, ತಪ್ಪಾದದ್ದನ್ನಷ್ಟೇ ಅಳಿಸುವ ಅನುಕೂಲ ಆಗ ಇರಲಿಲ್ಲ. ಮೊದಲು ವಾದ್ಯಗಳ ಜತೆ ಒಂದು ದನಿ ಮುದ್ರಿಸಬೇಕು. ಅದನ್ನು ನುಡಿಸಿ, ಕೇಳುತ್ತಾ ಎರಡನೆಯದನ್ನು ಹಾಡಬೇಕು. ಎರಡೂ ಕೂಡಿ ಹೊಸ ಪ್ರತಿಯಾಗುತ್ತದೆ, ಮೂರನೆಯದು ಅದರ ಮೇಲೆ. ಎರಡನೇ ದನಿ ಜೋರಾಯಿತು ಎಂದು ಆಮೇಲೆ ತಗ್ಗಿಸುವಂತಿಲ್ಲ, ಆ ಪದರವನ್ನೇ ಮತ್ತೆ ಹಾಡಬೇಕು. ಪ್ರತಿಯಿಂದ ಪ್ರತಿಗೆ ಸರಸರ ಸದ್ದು ಹೆಚ್ಚುತ್ತದೆ, ತಾರಸ್ಥಾಯಿಯ ಹೊಳಪು ಮಂಕಾಗುತ್ತದೆ. ಆದ್ದರಿಂದ ಮುಖ್ಯ ದನಿಯನ್ನು ಕೊನೆಗೆ ಹಾಡುವುದು ಜಾಣತನ. ತಿರುಗುವ ವೇಗ ಚೂರು ಬದಲಾದರೂ ಶ್ರುತಿ ಕೆಟ್ಟು ದನಿಗಳ ಹೊಂದಿಕೆ (ಹಾರ್ಮನಿ) ಒಡೆಯುತ್ತದೆ. ‘ಸ’ಕಾರಗಳು ಒಟ್ಟಿಗೆ ಬೀಳದಿದ್ದರೆ ಪದವೇ ಕಲಸಿಹೋಗುತ್ತದೆ. ಅವರ ಉಸಿರಿನ ಹಿಡಿತ ಅಷ್ಟು ಖಚಿತವಾಗಿದ್ದದ್ದರಿಂದಲೇ ಇದು ಸಾಧ್ಯವಾಯಿತು. ತಂತ್ರದ ಹೆಚ್ಚುಗಾರಿಕೆಗಿಂತ ಅವರ ಹಾಡಿಕೆಯ ಶಿಸ್ತಿಗೇ ನಾನು ಹೆಚ್ಚು ಅಂಕ ಕೊಡುತ್ತೇನೆ.

ಹಾಗೆಂದು ಈ ತಂತ್ರಕ್ಕೆ ಅವರೇ ಮೊದಲಿಗರು ಎನ್ನಬೇಡಿ. 1941ರಲ್ಲೇ ಜ್ಯಾಝ್ ವಾದಕ ಸಿಡ್ನಿ ಬೆಶೆ ಹಲವು ವಾದ್ಯಗಳನ್ನು ಒಬ್ಬರೇ ನುಡಿಸಿ ಹೀಗೆ ಮುದ್ರಿಸಿದ್ದರು.

‘ಟೆನೆಸ್ಸೀ ವಾಲ್ಟ್ಜ್’ 1950ರ ಕೊನೆಗೆ ಬಂದದ್ದು ಒಂದು ಕ್ರಿಸ್‌ಮಸ್ ಹಾಡಿನ ತಟ್ಟೆಯ ಹಿಂಬದಿಯಲ್ಲಿ. ಗೆಲ್ಲುತ್ತದೆಂದು ಕಂಪನಿ ನಂಬಿದ್ದು ಕ್ರಿಸ್‌ಮಸ್ ಹಾಡನ್ನೇ. ಆದರೆ ಈ ಹಿಂಬದಿಯ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೇಲ್ತುದಿಯಲ್ಲಿ 13 ವಾರ ನಿಂತಿತು. 1965ರಲ್ಲಿ ಅದೇ ಹಾಡು ಟೆನೆಸ್ಸೀ ರಾಜ್ಯದ ಅಧಿಕೃತ ಗೀತೆಗಳಲ್ಲಿ ಒಂದಾಯಿತು. 1953ರ ನಾಯಿಮರಿ ಹಾಡು ‘ದಟ್ ಡಾಗಿ ಇನ್ ದ ವಿಂಡೋ’ 8 ವಾರ ಮೊದಲ ಸ್ಥಾನದಲ್ಲಿತ್ತು. ಬಹಳ ಜನ ಅವರನ್ನು ಅದರಿಂದಲೇ ಅಳೆಯುತ್ತಾರೆ, ಅದು ಅನ್ಯಾಯ. ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂದದ್ದು 1999ರಲ್ಲಿ. ತೀರಿಕೊಂಡದ್ದು 2013ರ ಜನವರಿ 1ರಂದು.

ಪದರಗಳನ್ನು ಬಿಡಿಬಿಡಿಯಾಗಿ ಕೇಳಬೇಕೆಂದರೆ 1957ರ ‘ಓಲ್ಡ್ ಕೇಪ್ ಕಾಡ್’ ಹಾಕಿ. ಇಯರ್‌ಫೋನ್ ಇರಲಿ. ಮೊದಲ ಸಲ ಮೇಲಿನ ದನಿ ಬಿಟ್ಟು ಕೆಳಗಿನದನ್ನಷ್ಟೇ ಹಿಂಬಾಲಿಸಿ.