16 ದಿನದಲ್ಲಿ ಇಡೀ ಆಫ್ರಿಕಾನಾ? ಪಟ್ಟಿಯಲ್ಲಿ ಮೂರು ಹೆಸರು ಹೊಡೆದು ಹಾಕಿ

ಜುಲೈ ತಿಂಗಳು, 16 ದಿನ ರಜೆ, ಜೊತೆಗೆ 65 ದಾಟಿದ ಅಪ್ಪ-ಅಮ್ಮ, ದುಡ್ಡಿಗೆ ಹಿಂದೆಮುಂದೆ ನೋಡಲ್ಲ, ಈಜಿಪ್ಟ್, ಕೀನ್ಯಾ, ರುವಾಂಡಾದ ಗೊರಿಲ್ಲಾ, ವಿಕ್ಟೋರಿಯಾ ಜಲಪಾತ, ಕೇಪ್ ಟೌನ್ ಎಲ್ಲ ಆಗಬೇಕು, ಹೇಗೆ ಪ್ಲ್ಯಾನ್ ಮಾಡೋದು ಅಂತ ಕೇಳಿದ್ದೀರಿ. ನಾನು ಕೆಲಸದ ಮೇಲೆ ನೈರೋಬಿಯಲ್ಲಿ ಇದ್ದವನು, ಊರಿಂದ ಬಂದ ನೆಂಟರಿಷ್ಟರನ್ನೆಲ್ಲ ಸುತ್ತಿಸಿದ್ದೇನೆ. ಆ ಧೈರ್ಯದ ಮೇಲೆ ಹೇಳುತ್ತೇನೆ, ಈಜಿಪ್ಟ್, ರುವಾಂಡಾ, ಕೇಪ್ ಟೌನ್ ಮೂರನ್ನೂ ಬಿಡಿ.

ಬೇಜಾರಾಗಬೇಡಿ, ಕಾರಣ ಇದೆ. ಕೈರೋದಿಂದ ಕೇಪ್ ಟೌನ್‌ಗೆ ನೇರ ಗೆರೆ ಎಳೆದರೂ 7,000 ಕಿ.ಮೀ. ಮೇಲಾಗುತ್ತದೆ. ಎಷ್ಟೇ ದುಬಾರಿ ಟಿಕೆಟ್ ತೆಗೆದರೂ ಅರ್ಧ ರಜೆ ವಿಮಾನ ನಿಲ್ದಾಣದಲ್ಲೇ ಮುಗಿಯುತ್ತದೆ. ಅದೂ ಅಲ್ಲದೆ ಜುಲೈನಲ್ಲಿ ಈಜಿಪ್ಟ್‌ನ ಲಕ್ಸರ್, ಆಸ್ವಾನ್ ಕಡೆ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಕೇಪ್ ಟೌನ್‌ನಲ್ಲಿ ಅದೇ ಹೊತ್ತಿಗೆ ಚಳಿಗಾಲದ ಮಳೆ, ಅಲ್ಲಿನ ಟೇಬಲ್ ಮೌಂಟನ್ ಬೆಟ್ಟ ಮೋಡದೊಳಗೆ. ಗೊರಿಲ್ಲಾ ನೋಡೋಕೆ ರುವಾಂಡಾದಲ್ಲಿ ತಲೆಗೆ 1,500 ಡಾಲರ್ ಪರ್ಮಿಟ್, ಸಿಗೋದು ಒಂದು ಗಂಟೆ. ಆ ದುಡ್ಡಿಗೆ ಅದು ಮೋಸ ಅಂತ ನಾನು ಹೇಳಲ್ಲ, ಆದರೆ ಕೆಸರು ಗುಡ್ಡ ಹತ್ತಿ ಹೋಗಬೇಕು, ಅಮ್ಮನ ಮಂಡಿ ನೋವು ಅಂತ ನೀವೇ ಬರೆದಿದ್ದೀರಲ್ವಾ.

ಈಗ ಉಳಿದಿದ್ದು ಕೀನ್ಯಾ ಮತ್ತು ವಿಕ್ಟೋರಿಯಾ ಜಲಪಾತ. ಎರಡಕ್ಕೂ ಜುಲೈ ಒಳ್ಳೆಯ ಕಾಲ. ಟಾಂಜಾನಿಯಾದ ಸೆರೆಂಗೆಟಿ ಬಯಲಿನಿಂದ ಲಕ್ಷಗಟ್ಟಲೆ ವೈಲ್ಡ್‌ಬೀಸ್ಟ್ (ದನದಂಥ ದೊಡ್ಡ ಹುಲ್ಲೆ) ಕೀನ್ಯಾದ ಮಸಾಯಿ ಮಾರಾ ಕಾಡಿನ ಕಡೆ ಬರೋದು ಜುಲೈನಿಂದ ಅಕ್ಟೋಬರ್ ಒಳಗೆ. ಆದರೆ ಅವು ಇದೇ ದಿನ ಮಾರಾ ನದಿ ದಾಟುತ್ತವೆ ಅಂತ ಯಾರಾದರೂ ಏಜೆಂಟ್ ಹೇಳಿದರೆ ಅವನನ್ನು ನಂಬಬೇಡಿ. ಅದಕ್ಕೇ ಮಾರಾದಲ್ಲಿ ಕನಿಷ್ಠ ನಾಲ್ಕು ರಾತ್ರಿ ಇರಿ.

ಐಷಾರಾಮಿ ಅನ್ನೋದರ ನಿಜವಾದ ಲೆಕ್ಕ ಇಲ್ಲೇ ಬರೋದು. ಟೆಂಟಿನಲ್ಲಿ ಬಾತ್‌ಟಬ್ ಇದೆಯಾ ಅಂತ ನೋಡಬೇಡಿ, ನೀವು ನೋಡುವ ಚಿರತೆಯ ಸುತ್ತ ಎಷ್ಟು ಗಾಡಿ ನಿಂತಿರುತ್ತವೆ ಅಂತ ಕೇಳಿ. ಮಾರಾದ ಮುಖ್ಯ ರಿಸರ್ವ್, ಅಂದರೆ ಸರ್ಕಾರಿ ಅಭಯಾರಣ್ಯದ ಒಳಗೆ ಜುಲೈನಿಂದ ಡಿಸೆಂಬರ್‌ವರೆಗೆ ಪ್ರವೇಶಕ್ಕೇ ವಿದೇಶಿಯರಿಗೆ ದಿನಕ್ಕೆ 200 ಡಾಲರ್, ಆದರೂ ನದಿ ದಂಡೆಯಲ್ಲಿ ಜೀಪುಗಳ ಜಾತ್ರೆ. ಪಕ್ಕದಲ್ಲೇ ಮಾರಾ ನಾರ್ತ್, ನಬೋಯಿಶೋ, ಒಲಾರೆ ಮೊಟೊರೊಗಿ ಅಂತ ಕನ್ಸರ್ವೆನ್ಸಿಗಳು, ಅಂದರೆ ಖಾಸಗಿ ಜಮೀನಿನ ವನ್ಯಜೀವಿ ತಾಣಗಳಿವೆ. ಅಲ್ಲಿನ ದನಗಾಹಿಗಳಾದ ಮಸಾಯಿ ಜನ ತಮ್ಮ ಜಮೀನನ್ನು ಪ್ರವಾಸಿ ಕ್ಯಾಂಪ್‌ಗಳಿಗೆ ಗುತ್ತಿಗೆಗೆ ಕೊಟ್ಟು ಬಾಡಿಗೆ ಪಡೆಯುತ್ತಾರೆ, ಟೆಂಟುಗಳ ಸಂಖ್ಯೆಗೆ ಮಿತಿ ಇದೆ, ಅಲ್ಲಿ ಉಳಿದವರ ಗಾಡಿಗಳಿಗೆ ಮಾತ್ರ ಪ್ರವೇಶ. ರಿಸರ್ವ್‌ನಲ್ಲಿ ಬಿಡದ ರಾತ್ರಿ ಸಫಾರಿ, ರಸ್ತೆ ಬಿಟ್ಟು ಹುಲ್ಲಿನೊಳಗೆ ಗಾಡಿ ಇಳಿಸೋದು ಎಲ್ಲ ಇಲ್ಲಿ ನಡೆಯುತ್ತದೆ. ನಾಗರಹೊಳೆಯಲ್ಲಿ ಗಡಿಯಾರ ನೋಡಿಕೊಂಡು ವಾಪಸ್ ಓಡೋ ಸಫಾರಿ ಮಾಡಿದವರಿಗೆ ಇದರ ಸುಖ ಗೊತ್ತಾಗುತ್ತದೆ. ಮೂರು ರಾತ್ರಿ ಕನ್ಸರ್ವೆನ್ಸಿ, ಒಂದು ರಾತ್ರಿ ನದಿ ಹತ್ತಿರ. ನನ್ನ ಪ್ರಕಾರ ಅಷ್ಟೇ ಸಾಕು.

ಅಲ್ಲಿಂದ ನೈರೋಬಿಗೆ ಬಂದು ಜಾಂಬಿಯಾ-ಜಿಂಬಾಬ್ವೆ ಗಡಿಯಲ್ಲಿರುವ ವಿಕ್ಟೋರಿಯಾ ಜಲಪಾತಕ್ಕೆ ವಿಮಾನ. ಏಪ್ರಿಲ್‌ನಲ್ಲಿ ನೀರು ಎಷ್ಟಿರುತ್ತದೆ ಅಂದರೆ ತುಂತುರು ಬಿಟ್ಟರೆ ಬೇರೇನೂ ಕಾಣಲ್ಲ, ಅಕ್ಟೋಬರ್‌, ನವೆಂಬರ್‌ಗೆ ಜಾಂಬಿಯಾ ಕಡೆ ಬರೀ ಬಂಡೆ. ಜುಲೈನಲ್ಲಿ ನೀರೂ ಇರುತ್ತದೆ, ಕಣ್ಣಿಗೂ ಕಾಣುತ್ತದೆ. ಎರಡು ರಾತ್ರಿ ಸಾಕು. ರಸ್ತೆಯಲ್ಲಿ ಎರಡು ಗಂಟೆಯೊಳಗೆ ಬೋಟ್ಸ್‌ವಾನಾದ ಕಸಾನೆ ಸಿಗುತ್ತದೆ, ಚೋಬೆ ನದಿಯಲ್ಲಿ ದೋಣಿಯಲ್ಲಿ ಕೂತೇ ಆನೆ ಹಿಂಡು ನೋಡಬಹುದು, ಮಂಡಿ ನೋವಿಗೆ ಇದಕ್ಕಿಂತ ಒಳ್ಳೆಯ ಸಫಾರಿ ಇಲ್ಲ. ಕೊನೆಗೆ ಅದೇ ಬೋಟ್ಸ್‌ವಾನಾದಲ್ಲಿ ಒಕವಾಂಗೊ ನದಿ ಹರಡಿಕೊಳ್ಳುವ ಜೌಗು ಪ್ರದೇಶ, ಮೂರು ರಾತ್ರಿ. ಇದರ ಮಜಾ ಏನಂದರೆ ಅಂಗೋಲಾದಲ್ಲಿ ಸುರಿದ ಮಳೆನೀರು ತಿಂಗಳುಗಟ್ಟಲೆ ಹರಿದು ಇಲ್ಲಿ ಮಳೆಯಿಲ್ಲದ ಒಣ ಚಳಿಗಾಲದಲ್ಲಿ ತುಂಬಿಕೊಳ್ಳುತ್ತದೆ. ಸುತ್ತ ಎಲ್ಲ ಒಣಗಿರುವಾಗ ಪ್ರಾಣಿಗಳೆಲ್ಲ ಇದೇ ನೀರಿಗೆ ಬರುತ್ತವೆ. ಇಡೀ ಪ್ರವಾಸದಲ್ಲಿ ದುಬಾರಿ ಜಾಗ ಇದೇ. ಕಡಿಮೆ ಜನ, ಜಾಸ್ತಿ ದರ ಅನ್ನೋದು ಬೋಟ್ಸ್‌ವಾನಾದ ನೀತಿ. ಕೈ ಬಿಗಿ ಹಿಡಿಯಬೇಕು ಅನ್ನಿಸಿದರೆ ನೈರೋಬಿ ಹೋಟೆಲ್‌ನಲ್ಲಿ ಉಳಿಸಿ, ಇಲ್ಲಿ ಬೇಡ.

ಲಗೇಜ್ ವಿಷಯ ಯಾರೂ ಮೊದಲೇ ಹೇಳಲ್ಲ. ಕ್ಯಾಂಪ್‌ಗಳಿಗೆ ಹೋಗೋ ಪುಟ್ಟ ವಿಮಾನಗಳಲ್ಲಿ ಕೈಚೀಲವೂ ಸೇರಿ ತಲೆಗೆ 15ರಿಂದ 20 ಕೆ.ಜಿ. ಅಷ್ಟೇ, ಅದೂ ಮೆತ್ತನೆ ಬ್ಯಾಗ್ ಆಗಬೇಕು. ಗಟ್ಟಿ ಸೂಟ್‌ಕೇಸ್ ಹತ್ತಿಸಲ್ಲ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, ಚಟ್ನಿಪುಡಿ ಸ್ಟೀಲ್ ಡಬ್ಬಿಗೆ ಹಾಕಿಸಿ. ಸಸ್ಯಾಹಾರದ ಚಿಂತೆ ಬೇಡ, ಚಪಾತಿ ಅಲ್ಲಿನವರದೇ ಊಟ ಆಗಿಹೋಗಿದೆ, ಸುಕುಮ ವಿಕಿ ಅಂತ ಸೊಪ್ಪಿನ ಪಲ್ಯ ಕೊಡುತ್ತಾರೆ, ಚೆನ್ನಾಗಿರುತ್ತದೆ. ಆಫ್ರಿಕಾ ಅಂದರೆ ಸೆಕೆ ಅಂತ ಬರೀ ಹತ್ತಿ ಬಟ್ಟೆ ತುಂಬಬೇಡಿ. ಜುಲೈ ಬೆಳಗಿನ ಜಾವ ತೆರೆದ ಜೀಪಿನಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಸ್ವೆಟರ್, ಮಫ್ಲರ್, ಟೋಪಿ ಮೂರೂ ಬೇಕು.

ಕೀನ್ಯಾದಿಂದ ಭಾರತಕ್ಕೆ ಬರೋವಾಗ ಹಳದಿ ಜ್ವರದ ಲಸಿಕೆಯ ಕಾರ್ಡ್ ಕೇಳುತ್ತಾರೆ, ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್. ಪ್ರಯಾಣಕ್ಕೆ 10 ದಿನ ಮೊದಲಾದರೂ ಹಾಕಿಸಬೇಕು. 60 ದಾಟಿದವರಿಗೆ ಈ ಲಸಿಕೆಯನ್ನು ಯೋಚಿಸಿ ಕೊಡುತ್ತಾರೆ, ಹಾಗಾಗಿ ದುಡ್ಡು ಕಟ್ಟೋ ಮುಂಚೆ ಅಪ್ಪ-ಅಮ್ಮನನ್ನು ವೈದ್ಯರಿಗೆ ತೋರಿಸಿ. ಮಲೇರಿಯಾ ಮಾತ್ರೆಯ ಬಗ್ಗೆಯೂ ಆಗಲೇ ಕೇಳಿ. ವೈದ್ಯರು ಹೂಂ ಅಂದ ಮೇಲೆ ಮೊದಲು ಒಕವಾಂಗೊ ಮತ್ತು ಮಾರಾ ಕ್ಯಾಂಪ್ ಹಿಡಿಯಿರಿ, ಜುಲೈಗೆ ಒಂದು ವರ್ಷ ಮುಂಚೆಯೇ ತುಂಬೋ ಜಾಗಗಳಿವು. ಆ ತಾರೀಖು ಕೈಗೆ ಬಂದ ಮೇಲೆ ವಿಮಾನದ ಟಿಕೆಟ್.