ಮನೆ ಲಿಸ್ಟಿಂಗ್‌ನಲ್ಲಿ 'ಕಂಟಿಂಜೆಂಟ್', 'ಪೆಂಡಿಂಗ್' ಅಂತ ಇದ್ದರೆ ಆ ಮನೆ ಕೈತಪ್ಪಿತು ಅಂತಲೇ?

ಪೂರ್ತಿ ಕೈತಪ್ಪಿಲ್ಲ. ಅಮೆರಿಕದ ಲಿಸ್ಟಿಂಗ್‌ಗಳಲ್ಲಿ 'ಆ್ಯಕ್ಟಿವ್' ಅಂದರೆ ಮನೆ ಇನ್ನೂ ಮಾರಾಟಕ್ಕಿದೆ. 'ಕಂಟಿಂಜೆಂಟ್' ಅಂದರೆ ಮಾರುವವರು ಒಬ್ಬರ ಆಫರ್ ಒಪ್ಪಿದ್ದಾರೆ, ಆದರೆ ಷರತ್ತುಗಳು ಬಾಕಿ ಇವೆ: ಮನೆಯ ತಪಾಸಣೆ, ಬ್ಯಾಂಕ್ ಸಾಲ, ಕೆಲವೊಮ್ಮೆ ಕೊಳ್ಳುವವರ ಹಳೇ ಮನೆಯ ಮಾರಾಟ. ತಪಾಸಣೆಯಲ್ಲಿ ಚಾವಣಿ ಸೋರುವುದು ಗೊತ್ತಾಗಿ, ರಿಪೇರಿ ಖರ್ಚು ಯಾರದು ಅಂತ ಮಾತು ಕುದುರದಿದ್ದರೆ ವ್ಯವಹಾರ ಮುರಿದುಬೀಳಬಹುದು. ಆಗ ಮನೆ ಮತ್ತೆ ಮಾರಾಟಕ್ಕೆ ಬರುತ್ತದೆ. ಹಾಗಾಗಿ ನಿಜಕ್ಕೂ ಇಷ್ಟವಾಗಿದ್ದರೆ ಸುಮ್ನೆ ಬಿಡಬೇಡಿ, ಬ್ಯಾಕಪ್ ಆಫರ್ (ಮೊದಲ ವ್ಯವಹಾರ ಮುರಿದರೆ ಲೆಕ್ಕಕ್ಕೆ ಬರುವ ಎರಡನೇ ಆಫರ್) ತಗೋತಾರಾ ಅಂತ ಏಜೆಂಟ್ ಹತ್ತಿರ ವಿಚಾರಿಸಿ. 'ಪೆಂಡಿಂಗ್' ಇದ್ದರೆ ಸಾಮಾನ್ಯವಾಗಿ ಷರತ್ತುಗಳೆಲ್ಲ ಮುಗಿದು ಕ್ಲೋಸಿಂಗ್, ಅಂದರೆ ಹಣ ಕೊಟ್ಟು ಮನೆಯನ್ನು ಹೆಸರಿಗೆ ಮಾಡಿಕೊಳ್ಳುವ ಕೊನೆಯ ಹಂತ ಮಾತ್ರ ಉಳಿದಿರುತ್ತದೆ. ಅಲ್ಲಿ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ವೆಬ್‌ಸೈಟಿನಲ್ಲಿ ಈ ಸ್ಥಿತಿ ತಡವಾಗಿ ಬದಲಾಗುವುದೂ ಉಂಟು, ಫೋನ್ ಮಾಡಿ ಕೇಳುವುದೇ ವಾಸಿ.