ಬಾಡಿಗೆ ಬ್ರಹ್ಮಾಂಡ: ಓದುಗರ ಪ್ರಶ್ನೆ, ಕಾದಂಬರಿಕಾರರ ಉತ್ತರ

ಸಿನಿಮಾ, ಟೀವಿ, ವಿಡಿಯೊ ಗೇಮ್‌ಗಳ ಸೈನ್ಸ್ ಫಿಕ್ಷನ್ ಸರಣಿಗಳಿಗೆ ಪರವಾನಗಿಯ ಮೇಲೆ ಕಾದಂಬರಿ ಬರೆಯುವವರನ್ನು ಮುಂಬಯಿ, ಪುಣೆ, ಗೋವೆಯ ಓದುಗರು ಕೇಳಿದ ಪ್ರಶ್ನೆಗಳು ಈ ಸಲದ ಅಂಕಣದಲ್ಲಿವೆ. ಒಂದೇ ಬಗೆಯವನ್ನು ಕೂಡಿಸಿ ಒಂದು ಮಾಡಿದ್ದೇವೆ.

ಇಂಥ ಕಾದಂಬರಿಯ ಕಥೆ ಯಾರ ಕೈಯಲ್ಲಿರುತ್ತದೆ ಸರ್? ನಾಯಕನನ್ನು ಸಾಯಿಸಬೇಕು ಅನ್ನಿಸಿದರೆ ಸಾಯಿಸಬಹುದೆ?
— ಕಾಲೇಜು ವಿದ್ಯಾರ್ಥಿ, ಡೊಂಬಿವಲಿ

ಸಾಯಿಸುವಂತಿಲ್ಲ. ಹನ್ನೊಂದು ತಿಂಗಳ ಲೀವ್ ಆಂಡ್ ಲೈಸೆನ್ಸ್ ಮೇಲೆ ಮನೆ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡುಗೆ ನಿಮ್ಮದು, ಗೋಡೆಗೆ ಮೊಳೆ ಹೊಡೆಯುವ ಮುಂಚೆ ಮಾಲಕರನ್ನು ಕೇಳಬೇಕು.

ಮೊದಲು ಸರಣಿಯ ಹಕ್ಕುದಾರರಿಗೆ ಒಂದೆರಡು ಪುಟದ ಕಥಾಸಾರ ಹೋಗುತ್ತದೆ. ಒಂದೇ ಕಳಿಸಿ ಕಾಯುತ್ತ ಕೂರಬೇಡಿ, ಮೂರು ಕಳಿಸಿ. ನೀವು ಆರಿಸಿಕೊಂಡ ಗ್ರಹ ಮುಂದಿನ ಸೀಸನ್ನಿನಲ್ಲಿ ಸಿಡಿದು ಚೂರಾಗಲಿಕ್ಕಿರಬಹುದು. ಆ ಗುಟ್ಟು ನಿಮಗೆ ಹೇಳುವ ಹಾಗಿಲ್ಲ, ಹಾಗಾಗಿ ಕಾರಣವಿಲ್ಲದ ಒಂದು ‘ಬೇಡ’ ಬರುತ್ತದೆ. ಒಪ್ಪಿಗೆಯಾದರೆ ಅಧ್ಯಾಯವಾರು ಔಟ್‌ಲೈನ್, ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಪುಟ. ನಿಜವಾದ ಕೆಲಸ ಇಲ್ಲಿಯೇ. ‘ಇಲ್ಲಿ ದೊಡ್ಡ ಯುದ್ಧ’ ಎಂದು ಬರೆದು ಮುಂದೆ ಹೋದವರು ಆಮೇಲೆ ಪಡಬಾರದ ಪಾಡು ಪಡುತ್ತಾರೆ. ಯಾರಿಗೆ ಗಾಯ, ಯಾವ ಹಡಗು ಹಾಳು, ಗುಟ್ಟು ಯಾರಿಗೆಲ್ಲ ತಿಳಿಯಿತು ಎಂಬುದು ಹಸ್ತಪ್ರತಿಯಲ್ಲಿ ಮೊದಲ ಸಲ ಕಾಣಿಸಿಕೊಂಡರೆ, ಒಪ್ಪಿಗೆ ಕೊಡುವವರು ಅಲ್ಲಿಯೇ ತಡೆಯುತ್ತಾರೆ. ಒಂದು ಸಾಲು ಬದಲಿಸಲು ಮೂವತ್ತು ಪುಟ ಬಿಚ್ಚಬೇಕಾಗುತ್ತದೆ. ಔಟ್‌ಲೈನಿಗೆ ಬರಹದಲ್ಲಿ ಒಪ್ಪಿಗೆ ಬರುವವರೆಗೆ ಮೊದಲ ಅಧ್ಯಾಯಕ್ಕೂ ಕೈ ಹಚ್ಚಬೇಡಿ.

ಎರವಲು ತಂದ ಪಾತ್ರವನ್ನು ಕೊನೆಯ ಪುಟದಲ್ಲಿ ತಂದ ಸ್ಥಿತಿಯಲ್ಲೇ ಮರಳಿಸಬೇಕು. ಹೊಡೆತ, ಪ್ರೇಮಭಂಗ, ಸಾವು ಎಲ್ಲ ನೀವೇ ಹುಟ್ಟಿಸಿದ ಪಾತ್ರಗಳ ಪಾಲಿಗೆ. ಸರಣಿ ಕಾದಂಬರಿಯಲ್ಲಿ ನಾಯಕನಿಗೆ ಹೊಸ ಆಪ್ತ ಗೆಳೆಯನೊಬ್ಬ ಸಿಕ್ಕಿದ ಕೂಡಲೇ ಅವನ ಆಯುಷ್ಯದ ಲೆಕ್ಕ ಹಾಕುವ ಓದುಗರಿದ್ದಾರೆ. ಅವರ ಲೆಕ್ಕ ತಪ್ಪುವುದು ಕಡಿಮೆ.

ಸಿನಿಮಾದಲ್ಲಿ ಇಲ್ಲದ ದೃಶ್ಯಗಳು ಅದರ ಕಾದಂಬರಿಯಲ್ಲಿ ಹೇಗೆ ಬರುತ್ತವೆ?
— ಓದುಗರು, ಔಂಧ್, ಪುಣೆ

ಕಾದಂಬರಿಕಾರರ ಕೈಗೆ ಬರುವುದು ಚಿತ್ರಕಥೆ, ಸಿನಿಮಾ ಅಲ್ಲ. ಬಿಡುಗಡೆಯ ಹೊತ್ತಿಗೆ ಪುಸ್ತಕ ಅಂಗಡಿಯಲ್ಲಿರಬೇಕಾದರೆ ಎಡಿಟಿಂಗ್ ಮುಗಿಯುವ ಮುಂಚೆಯೇ ಬರೆದು ಮುಗಿಸಬೇಕು. ಎಡಿಟಿಂಗ್ ಮೇಜಿನಲ್ಲಿ ಕತ್ತರಿ ಬಿದ್ದ ದೃಶ್ಯ ಪುಸ್ತಕದಲ್ಲಿ ಉಳಿದುಬಿಡುತ್ತದೆ. ‘ಸ್ಟಾರ್ ವಾರ್ಸ್’ ತೆರೆಗೆ ಬಂದದ್ದು 1977ರ ಮೇ ತಿಂಗಳಲ್ಲಿ. ಕಾದಂಬರಿ 1976ರ ಕೊನೆಗೇ ಮಾರಾಟದಲ್ಲಿತ್ತು. ಮುಖಪುಟದಲ್ಲಿ ಜಾರ್ಜ್ ಲ್ಯೂಕಸ್ ಹೆಸರು, ಬರೆದವರು ಆಲನ್ ಡೀನ್ ಫಾಸ್ಟರ್.

ಇನ್ನೊಂದು ಕಾರಣ ಅಳತೆ. ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. 120 ಪುಟದ ಚಿತ್ರಕಥೆಯಲ್ಲಿ ಇಪ್ಪತ್ತು ಇಪ್ಪತ್ತೈದು ಸಾವಿರ ಪದ ಇದ್ದರೆ ಹೆಚ್ಚು. ಪುಸ್ತಕಕ್ಕೆ ಎಂಬತ್ತು ಸಾವಿರ ಬೇಕು. ಹೊಸಬರು ಯುದ್ಧವನ್ನು ಹಿಗ್ಗಿಸುತ್ತಾರೆ. ಅದು ಕೈಕೊಡುತ್ತದೆ, ಯಾಕೆಂದರೆ ತೆರೆಯ ಮೇಲೆ ಹತ್ತು ನಿಮಿಷ ಮೈಮರೆಸುವ ಕಾದಾಟ ಕಾಗದದ ಮೇಲೆ ಮೂರನೇ ಪುಟಕ್ಕೆ ಆಕಳಿಕೆ ತರಿಸುತ್ತದೆ. ಹಿಗ್ಗಿಸಬೇಕಾದದ್ದು ಎರಡು ದೃಶ್ಯಗಳ ನಡುವಿನ ಜಾಗ: ಹಡಗು ಹತ್ತುವ ಮುನ್ನ ಅವಳು ಯಾರಿಗೆ ಏನು ಹೇಳದೆ ಬಂದಳು ಎಂಬಂಥದ್ದು.

ಎಷ್ಟೋ ವರ್ಷ ಕೂಡಿಟ್ಟ ಹಳೆಯ ‘ಸ್ಟಾರ್ ವಾರ್ಸ್’ ಕಾದಂಬರಿಗಳನ್ನು ಈಗ ‘ನಡೆದೇ ಇಲ್ಲ’ ಅನ್ನುತ್ತಾರೆ. ಇದೆಂಥ ನ್ಯಾಯ?
— ಓದುಗರು, ವಾಸ್ಕೊ

ಆ ಕಾದಂಬರಿಗಳನ್ನು ಸರಣಿಯ ಅಧಿಕೃತ ಕಥೆಯಿಂದ ಹೊರಗಿಡಲು ಹಕ್ಕುದಾರರು 2014ರ ಏಪ್ರಿಲ್‌ನಲ್ಲಿ ಮಾಡಿದ ತೀರ್ಮಾನ ಅದು. ಮುಂದಿನ ವರ್ಷ ಹೊಸ ಸಿನಿಮಾ ಬರಲಿತ್ತು, ಕಾದಂಬರಿಗಳು ಆಗಲೇ ಹೇಳಿಬಿಟ್ಟಿದ್ದ ಭವಿಷ್ಯಕ್ಕೆ ಅದನ್ನು ಕಟ್ಟಿಹಾಕಲು ಆಗುತ್ತಿರಲಿಲ್ಲ. ತೆರೆಗೂ ಕಾಗದಕ್ಕೂ ತಕರಾರು ಬಂದಾಗ ಗೆಲ್ಲುವುದು ತೆರೆಯೇ. ಹಳೆಯ ಪುಸ್ತಕಗಳ ಮರುಮುದ್ರಣದ ಮೇಲೆ ‘ಲೆಜೆಂಡ್ಸ್’ ಎಂಬ ಪಟ್ಟಿ ಇರುತ್ತದೆ, ಕೊಳ್ಳುವಾಗ ನೋಡಿ. ಅಂದಹಾಗೆ, ಅವು ಅಟ್ಟ ಸೇರಿದುವೇ ಹೊರತು ಭಂಗಾರ್‌ವಾಲಾನ ಗಾಡಿ ಹತ್ತಲಿಲ್ಲ. 1991ರ ಕಾದಂಬರಿಯಲ್ಲಿ ಹುಟ್ಟಿದ ಥ್ರಾನ್ ಎಂಬ ಖಳನಾಯಕ 2016ರಲ್ಲಿ ಅನಿಮೇಶನ್ ಸರಣಿಗೆ ಬಂದು ಮತ್ತೆ ಅಧಿಕೃತನಾದ.

ಇಂಥ ಕಾದಂಬರಿಯನ್ನು ಕನ್ನಡಕ್ಕೆ ತರುವಾಗ ಎಲ್ಲಿ ತೊಡಕಾಗುತ್ತದೆ?
— ಅನುವಾದಕಿ, ಮಾಟುಂಗಾ

ಕ್ರಿಯಾಪದದ ಬಾಲದಲ್ಲಿ. ಇಂಗ್ಲಿಷಿನಲ್ಲಿ ಕ್ಯಾಪ್ಟನ್ ಒಳಗೆ ಬಂದರೆ ಮುಗಿಯಿತು. ಕನ್ನಡದಲ್ಲಿ ಬಂದನೋ, ಬಂದಳೋ, ಬಂದರೋ ಎಂದು ಬಾಗಿಲಲ್ಲೇ ಇತ್ಯರ್ಥವಾಗಬೇಕು. ಅದಕ್ಕೆ ಕೆಲಸ ಶುರುಮಾಡುವ ಮುಂಚೆ ಒಂದು ಕೋಷ್ಟಕ ಹಾಕಿಕೊಳ್ಳಿ: ಯಾರು ಯಾರಿಗೆ ‘ನೀನು’, ಯಾರು ಯಾರಿಗೆ ‘ನೀವು’, ಯಾವ ಅಧ್ಯಾಯದಿಂದ. ಹಡಗಿನ ಕಟ್ಟೆಯ ಮೇಲೆ ಎಲ್ಲರೆದುರು ‘ನೀವು’ ಎನ್ನುವ ಇಬ್ಬರು ಅಧಿಕಾರಿಗಳು ಹನ್ನೆರಡನೇ ಅಧ್ಯಾಯದಲ್ಲಿ, ಹೊಗೆ ತುಂಬಿದ ಓಣಿಯಲ್ಲಿ, ‘ನಿನಗೇನೂ ಆಗಲಿಲ್ಲ ತಾನೆ?’ ಎಂದರೆ ಅದು ಮೂಲದಲ್ಲಿಲ್ಲದ ಲಾಭ. ಕೋಷ್ಟಕವಿಲ್ಲದೆ ಹೊರಟರೆ ಹನ್ನೊಂದರಲ್ಲೇ ಕೈತಪ್ಪಿ ‘ನೀನು’ ಬಿದ್ದಿರುತ್ತದೆ, ಲಾಭವೆಲ್ಲ ಸೋರಿಹೋಗುತ್ತದೆ.

ರೋಬಾಟ್ ‘ಬಂತೋ’, ‘ಬಂದನೋ’? ಒಂದೇ ಉತ್ತರ ಹುಡುಕಬೇಡಿ. ಅದನ್ನು ಯಂತ್ರವೆಂದು ಕಾಣುವವನ ಬಾಯಲ್ಲಿ ‘ಬಂತು’, ಜೊತೆಗಾರನೆಂದು ಕಾಣುವವಳ ಬಾಯಲ್ಲಿ ‘ಬಂದ’. ನಿರೂಪಕ ಯಾರ ಪಕ್ಷ ಎಂಬುದನ್ನು ಮಾತ್ರ ಮೊದಲೇ ಗಟ್ಟಿಮಾಡಿಕೊಳ್ಳಿ.

ಎಲ್ಲಕ್ಕಿಂತ ಕಷ್ಟ ಮುಸುಕು ಹಾಕಿಕೊಂಡ ಯೋಧನದು. ‘ಯೋಧನದು’ ಎಂದಕೂಡಲೇ ಗಂಡೆಂದು ಗುಟ್ಟು ಬಿಟ್ಟಾಯಿತು ನೋಡಿ. ‘ಬಂದರು’ ಎಂದರೆ ಖಳನಿಗೆ ಗೌರವ ಕೊಟ್ಟ ಹಾಗಾಗುತ್ತದೆ. ಇಲ್ಲಿ ಕರ್ತೃವನ್ನೇ ಬದಲಿಸಬೇಕು. ‘ಮುಸುಕಿನೊಳಗಿಂದ ದನಿ ಕೇಳಿತು’, ‘ಕೈಗವಸಿನ ಬೆರಳು ಗುಂಡಿಯ ಮೇಲೆ ನಿಂತಿತು’, ‘ಕಪ್ಪು ಆಕೃತಿ ಮೆಟ್ಟಿಲಿಳಿಯಿತು’. ನಾಲ್ಕೈದು ಪುಟದವರೆಗೆ ಇದು ನಡೆಯುತ್ತದೆ. ಅದಕ್ಕಿಂತ ಉದ್ದ ಹೋದರೆ ಓದುಗರಿಗೆ ಕಸರತ್ತು ಕಾಣತೊಡಗುತ್ತದೆ. ಆಗ ಆ ಪಾತ್ರದಿಂದಲೇ ‘ನಾನು’ ಎಂದು ಹೇಳಿಸಿ, ‘ಬಂದೆ’ಗೆ ಲಿಂಗವಿಲ್ಲ. ಆದರೆ ನಿರೂಪಣೆ ಬದಲಿಸಲು ಹಕ್ಕುದಾರರ ಒಪ್ಪಿಗೆ ಬೇಕು.

ಹೊಸ ಪದಗಳಿಗೆ ಒಂದೇ ಪರೀಕ್ಷೆ: ಓಡುತ್ತ ಕೂಗಲು ಬರಬೇಕು. ‘ಗುರಾಣಿ ಬಿತ್ತು!’ ಎಂದು ಕೂಗಬಹುದು. ‘ಶಕ್ತಿಕ್ಷೇತ್ರ ರಕ್ಷಾಕವಚ ನಿಷ್ಕ್ರಿಯಗೊಂಡಿದೆ’ ಎಂದು ಮುಗಿಸುವುದರೊಳಗೆ ಹಡಗು ಮುಳುಗಿರುತ್ತದೆ. ಹೆಸರುಗಳನ್ನು ಸ್ಪೆಲಿಂಗ್ ನೋಡಿ ಬರೆಯಬೇಡಿ, ತೆರೆಯ ಮೇಲಿನ ಉಚ್ಚಾರ ಕೇಳಿ ಬರೆಯಿರಿ. ಹ್ರಸ್ವ ದೀರ್ಘ ಒಮ್ಮೆ ತಪ್ಪಿದರೆ ಅಭಿಮಾನಿಗಳು ಜನ್ಮದಲ್ಲಿ ಮರೆಯುವುದಿಲ್ಲ. ಒಪ್ಪಿಗೆಗೆ ಕಳಿಸುವ ಪಟ್ಟಿಯಲ್ಲಿ ಮೂರು ಅಂಕಣ ಇರಲಿ: ಮೂಲ ಪದ, ಕನ್ನಡ ಪದ, ಕನ್ನಡ ಪದದ ಅರ್ಥ ಇಂಗ್ಲಿಷಿನಲ್ಲಿ. ಆ ಕಡೆ ಕನ್ನಡ ಓದುವವರು ಸಿಗುವುದು ಅಪರೂಪ.

ಭೂಮಿಗೂ ಮಂಗಳಕ್ಕೂ ಯುದ್ಧ ಬರೆಯುತ್ತಿದ್ದೇನೆ. ಹಡಗಿಗೆ ಎಷ್ಟು ದಿನ ಕೊಡಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಪಿಂಪ್ರಿ

ಸರಣಿಗಾಗಿ ಬರೆಯುತ್ತಿದ್ದರೆ ಮೊದಲು ಅದರ ಕೈಪಿಡಿ ನೋಡಿ. ಅಲ್ಲಿ ಎರಡು ಗಂಟೆಯ ದಾರಿ ಎಂದಿದ್ದರೆ ಎರಡೇ ಗಂಟೆ, ನ್ಯೂಟನ್ ಬಂದು ಹೇಳಿದರೂ ಬದಲಾಗದು.

ಸ್ವಂತ ಕಥೆಯಾದರೆ ಲೆಕ್ಕ ಹೀಗೆ. ಮಂಗಳ ಅತಿ ಹತ್ತಿರ ಬಂದಾಗ ಸುಮಾರು 5.6 ಕೋಟಿ ಕಿ.ಮೀ. ಹಡಗು ಅರ್ಧ ದಾರಿ ಒಂದೇ ಸಮ ವೇಗ ಹೆಚ್ಚಿಸಿಕೊಂಡು, ಉಳಿದರ್ಧ ಒಂದೇ ಸಮ ತಗ್ಗಿಸುತ್ತದೆ ಎನ್ನಿ. ದೂರವನ್ನು ಮೀಟರಿನಲ್ಲಿ ಬರೆದು ವೇಗೋತ್ಕರ್ಷದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದರೆ ಸೆಕೆಂಡು ಸಿಗುತ್ತದೆ. ಭೂಮಿಯ ಗುರುತ್ವದಷ್ಟೇ, ಅಂದರೆ 9.8 ಇಟ್ಟರೆ ಸುಮಾರು 42 ಗಂಟೆ. ಅದರ ಮೂರನೇ ಒಂದು ಪಾಲು ಇಟ್ಟರೆ ಮೂರು ದಿನ. ಇದು ಕಲ್ಪನೆಯ ಎಂಜಿನ್. ನಮ್ಮ ಮಂಗಳಯಾನ 2013ರ ನವೆಂಬರ್ 5ರಂದು ಹೊರಟು 2014ರ ಸೆಪ್ಟೆಂಬರ್ 24ರಂದು ಕಕ್ಷೆ ಸೇರಿತು.

ಎಲ್ಲರೂ ಮುಗ್ಗರಿಸುವುದು ಬ್ರೇಕಿನಲ್ಲಿ. 42 ಗಂಟೆಯ ಪಯಣದ ನಡುದಾರಿಯಲ್ಲಿ ಹಡಗಿನ ವೇಗ ಸೆಕೆಂಡಿಗೆ 740 ಕಿ.ಮೀ. ಮುಟ್ಟಿರುತ್ತದೆ, ನಿಲ್ಲಲು ಇನ್ನೂ 21 ಗಂಟೆ ಬೇಕು. ಗ್ರಹ ಕಿಟಕಿಯಲ್ಲಿ ಕಂಡಮೇಲೆ ನಾಯಕ ಲಿವರ್ ಎಳೆದರೆ ಕೆಂಪು ಮಣ್ಣಲ್ಲಿ ಹೊಸದೊಂದು ಕುಳಿ ಬೀಳುತ್ತದೆ, ಅಷ್ಟೆ. ಮಾತುಕತೆಯೂ ಹಾಗೆಯೇ. ಸಂದೇಶ ಒಂದು ಕಡೆಗೆ ಹೋಗಲು ಹತ್ತಿರವಿದ್ದಾಗ 3 ನಿಮಿಷ, ದೂರವಿದ್ದಾಗ 22 ನಿಮಿಷ. ನಡುವೆ ಸೂರ್ಯ ಅಡ್ಡ ಬಂದಾಗ ಸುಮಾರು ಎರಡು ವಾರ ನಂಬಿಕೆಯ ಸಂಪರ್ಕವೇ ಇರುವುದಿಲ್ಲ. ದಂಗೆ ಏಳಲು ಅದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ?

ಆಲಿಸುವ ಠಾಣೆಯನ್ನು ವರ್ಣಿಸಬೇಕಿದ್ದರೆ ನಾರಾಯಣಗಾಂವ್ ಹತ್ತಿರದ ಖೋಡದ್‌ಗೆ ಹೋಗಿ ಬನ್ನಿ. ಅಲ್ಲಿ ಆಕಾಶದ ರೇಡಿಯೊ ಅಲೆಗಳನ್ನು ಆಲಿಸುವ ಜಿಎಂಆರ್‌ಟಿ ಎಂಬ ದೂರದರ್ಶಕದ 30 ಡಿಶ್‌ಗಳು ಸುಮಾರು 25 ಕಿ.ಮೀ. ಹರಡಿವೆ. ಒಂದೊಂದರ ವ್ಯಾಸ 45 ಮೀಟರ್. ತಟ್ಟೆ ತಗಡಿನದಲ್ಲ, ತಂತಿಯ ಬಲೆ; ಕೆಳಗೆ ನಿಂತರೆ ಬಲೆಯ ಆಚೆಗೆ ಆಕಾಶ ಕಾಣುತ್ತದೆ. ಗಾಳಿ ಆರಪಾರ ಹೋಗುವುದರಿಂದ ಅಷ್ಟು ದೊಡ್ಡದನ್ನು ಹಗುರವಾಗಿ ಕಟ್ಟಲು ಆಯಿತು.

ನನ್ನಲ್ಲೊಂದು ಒಳ್ಳೆಯ ಕಥಾ ಎಳೆ ಇದೆ. ಕಳಿಸಿದರೆ ಬರೆಯುತ್ತೀರಾ?
— ಓದುಗರು, ಠಾಣೆ

ದಯವಿಟ್ಟು ಬೇಡ. ನಾಳೆ ಅದನ್ನು ಹೋಲುವ ಪುಸ್ತಕ ಬಂದರೆ ಕದ್ದರೆಂಬ ಮಾತು ಬರುತ್ತದೆ, ಅದಕ್ಕೇ ಪರವಾನಗಿ ಲೇಖಕರು ಅಂಥ ಪತ್ರ ಓದದೆ ಮುಚ್ಚಿಡುತ್ತಾರೆ. ಸರಣಿಯ ಹೆಸರು, ಹಡಗು, ಆಯುಧ ಕಿತ್ತುಹಾಕಿದ ಮೇಲೂ ಕಥೆ ನಿಲ್ಲುವುದಾದರೆ ಅದು ನಿಮ್ಮದೇ ಕಥೆ, ನೀವೇ ಬರೆಯಿರಿ.

ಇಲ್ಲಿಯ ಒಂದು ಗೇಮ್ ಕಂಪನಿ ತನ್ನ ಆಟಕ್ಕೆ ಕನ್ನಡ ಕಾದಂಬರಿ ಬರೆದುಕೊಡಿ ಅನ್ನುತ್ತಿದೆ. ಕರಾರಿನಲ್ಲಿ ಏನು ನೋಡಬೇಕು?
— ಲೇಖಕ, ಮಡಗಾಂವ್

ಪಾತ್ರ, ಲೋಕ ಕಂಪನಿಯವು. ನಿಮ್ಮ ಬರಹ ಯಾರದು ಎಂಬುದನ್ನು ಕರಾರು ಹೇಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದೇ ಅರ್ಥ. ಕಂಪನಿಗಳು ಸಾಮಾನ್ಯವಾಗಿ ‘ಶಾಶ್ವತ, ಜಗತ್ತಿನಾದ್ಯಂತ’ ಎಂದು ಬರೆದಿರುತ್ತವೆ. ಒಪ್ಪುವುದಾದರೆ ಹಣದ ಮೊತ್ತ ಆ ಎರಡು ಪದಗಳಿಗೆ ತಕ್ಕಂತೆ ಇರಲಿ. ಮೂರು ಕಂತು ಕೇಳಿ: ಸಹಿಗೆ, ಔಟ್‌ಲೈನ್ ಒಪ್ಪಿಗೆಗೆ, ಹಸ್ತಪ್ರತಿ ತಲುಪಿದ್ದಕ್ಕೆ. ಕೊನೆಯ ಕಂತನ್ನು ‘ಪ್ರಕಟಣೆಯ ಮೇಲೆ’ ಎಂದು ಬರೆಯಲು ಬಿಡಬೇಡಿ, ಆಟವೇ ನಿಂತುಹೋದರೆ ಪುಸ್ತಕ ಬರುವುದಿಲ್ಲ. ಎಷ್ಟು ಸುತ್ತು ತಿದ್ದುಪಡಿ ಎಂಬ ಸಂಖ್ಯೆಯೂ ಇರಲಿ; ಎರಡು ಸಾಕು, ಮೂರನೆಯದಕ್ಕೆ ಬೇರೆ ದರ.